ಆಟಿಯಲ್ಲಿ ಉದುರಿದ ಗರಿಗಳು

ಮೊದಲ ಗರಿ ಬಿದ್ದಾಗ ಚಾವಡಿಯಲ್ಲಿ ನಾವು ಮೂವರಿದ್ದೆವು. ದೊಡ್ಡಮ್ಮ ನೆಲದಲ್ಲಿ ಕಾಲು ನೀಡಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಚಿಕ್ಕಪ್ಪ ಆಗಷ್ಟೇ ಬಂದು ಒದ್ದೆ ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿದ್ದರು. ನಾನು ಕಿಟಕಿಯ ಹತ್ತಿರ ಚಾ ಕುಡಿಯುತ್ತಿದ್ದೆ. ಕಿಟಕಿಯ ಸರಳಿಗೆ ತಾಗಿದ ಹಾಗೆ ದೊಡ್ಡಪ್ಪನ ಗಿಳಿಯ ಗೂಡು ತೂಗುತ್ತಿತ್ತು. ದೊಡ್ಡಪ್ಪ ಇರಲಿಲ್ಲ. ಅವರು ತೀರಿಹೋದ ಮೇಲೆ ಅದು ಮೊದಲನೆಯ ಆಟಿ.

ಗಿಳಿ ಒಮ್ಮೆ ಮೈ ಕೊಡವಿತು. ಬಾಲದ ಕೆಂಪು ಗರಿಯೊಂದು ಗೂಡಿನ ಸಂದಿಯಿಂದ ನುಸುಳಿ, ಗಾಳಿಯೇ ಇಲ್ಲದ ಆ ಚಾವಡಿಯಲ್ಲಿ ಆಚೆ ಈಚೆ ತೂಗಾಡಿ, ಚಿಕ್ಕಪ್ಪನ ಕಾಲಬುಡಕ್ಕೆ ಬಂದು ಬಿತ್ತು. ಚಿಕ್ಕಪ್ಪ ಕೆಂಡ ಮೆಟ್ಟಿದವರ ಹಾಗೆ ಹಿಂದೆ ಸರಿದರು.

"ಎಂತ ಅತ್ತಿಗೆ ಇದು?"

"ಎಂತ ಅಂದ್ರೆ? ಗರಿ. ನಿನಗೆ ಕಾಣುದಿಲ್ವಾ?"

"ಕಾಣ್ತದೆ. ಆಟಿಯಲ್ಲೇ ಯಾಕೆ ಬೀಳ್ಬೇಕು ಅಂತ ಕೇಳಿದ್ದು."

"ಅದಕ್ಕೆ ಪಂಚಾಂಗ ನೋಡ್ಲಿಕ್ಕೆ ಬರುದಿಲ್ಲ ಮಾರಾಯ," ಎಂದರು ದೊಡ್ಡಮ್ಮ. ಮಾತು ತಮಾಷೆಯದ್ದೇ. ಆದರೆ ಬೀಜ ಸುಲಿಯುತ್ತಿದ್ದ ಕೈ ನಿಂತಿತ್ತು.

ಆಟಿ ಎಂದರೆ ನಮ್ಮ ಕಡೆ ಒಳ್ಳೆಯ ಕೆಲಸ ಯಾವುದಕ್ಕೂ ಕೈ ಹಾಕದ ಮಳೆಗಾಲದ ತಿಂಗಳು. ಮದುವೆ ಇಲ್ಲ, ಮನೆ ಒಕ್ಕಲಿಲ್ಲ. ತೀರಿಕೊಂಡವರು ಮನೆ ಕಡೆ ಬರುವ ತಿಂಗಳು ಅದು ಅಂತ ಲೆಕ್ಕ. ಅಮಾವಾಸ್ಯೆಯ ದಿನ ಅವರಿಗೆ ಬಾಳೆಲೆಯಲ್ಲಿ ಬಡಿಸಿ, ಕದ ಹಾಕಿ, ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಆಮೇಲೆ ಆ ಎಲೆಯನ್ನು ಅಂಗಳಕ್ಕೆ ತಂದಿಟ್ಟು ಒದ್ದೆ ಕೈಯಲ್ಲಿ ಚಪ್ಪಾಳೆ ತಟ್ಟಿ ಕಾಗೆಗಳನ್ನು ಕರೆಯುವುದು. ಕಾಗೆ ಬಂದು ಮುಟ್ಟಿದರೆ ಹೋದವರು ಉಂಡ ಹಾಗೆ. ಮುಟ್ಟದಿದ್ದರೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ.

ಗಿಳಿಯ ವಿಷಯ ಸ್ವಲ್ಪ ಹೇಳಬೇಕು. ಹಸಿರು ಗಿಳಿಯನ್ನು ಸಾಕಿದರೆ ಫಾರೆಸ್ಟಿನವರು ಬರುತ್ತಾರೆ. ಇದು ಹಾಗಲ್ಲ, ಹೊರದೇಶದ, ಆಫ್ರಿಕದ ಜಾತಿ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕುಂಕುಮ ಮೆತ್ತಿದ ಹಾಗೆ. ದೊಡ್ಡಪ್ಪನಿಗೆ ನಾಯ್ಮಾರ್ಮೂಲೆಯ ಪೇಟೆಯಲ್ಲಿ ಟೈಲರ್ ಅಂಗಡಿ ಇತ್ತು. ಗಿಳಿ ಮರಿಯಾಗಿದ್ದಾಗಿನಿಂದ ಹಗಲೆಲ್ಲ ಆ ಅಂಗಡಿಯಲ್ಲೇ, ಮೆಷಿನಿನ ಪಕ್ಕದಲ್ಲೇ. ನಾನೂ ಹೆಚ್ಚುಕಮ್ಮಿ ಹಾಗೇ ಬೆಳೆದವನು. ನನ್ನ ಅಪ್ಪ ಬೇಗ ಹೋದ ಮೇಲೆ ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ ನನ್ನನ್ನು ಇಟ್ಟುಕೊಂಡರು. ಮಾತು ಎಂಬುದನ್ನು ನಾನು ಕಲಿತದ್ದು ಆ ಅಂಗಡಿಯ ಬೆಂಚಿನಲ್ಲಿ ಕೂತು, ಬಟ್ಟೆ ಹೊಲಿಸಲು ಬರುವ ಹಿರಿಯರು ದೊಡ್ಡಪ್ಪನೊಟ್ಟಿಗೆ ಆಡುತ್ತಿದ್ದ ಮಾತು ಕೇಳಿ. ಗಿಳಿಯೂ ಅಲ್ಲೇ ಕಲಿತದ್ದು. ನನಗಿಂತ ಚಂದ ಕಲಿತಿತ್ತು.

ಅದು ಮುಖ್ಯವಾಗಿ ಕಲಿತದ್ದು ಎರಡು ಮಾತು. ಒಂದು, "ನಾಳೆ ಖಂಡಿತ." ಟೈಲರುಗಳು ದಿನಾ ಹೇಳುವ ಮಾತು ಅದೇ ಅಲ್ಲವೇ. ಎರಡೂ ಭಾಷೆ ನಡೆಯುವ ನಮ್ಮ ಪೇಟೆಯಲ್ಲಿ ನಾಳೆ ಎಂದರೆ ಕನ್ನಡದವರಿಗೂ ಆಯಿತು, ಮಲಯಾಳದವರಿಗೂ ಆಯಿತು. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಗಿಳಿ, "ನಾಳೆ ಖಂಡಿತ," ಎಂದು ಬಿಡುತ್ತಿತ್ತು. "ನೀನು ಸುಳ್ಳು ಹೇಳುದು ಸಾಲದು ಅಂತ ಸಂಬಳಕ್ಕೆ ಜನ ಇಟ್ಟಿದ್ದೀಯಾ?" ಎಂದು ಜನ ದೊಡ್ಡಪ್ಪನನ್ನು ಬಯ್ಯುವುದು, ದೊಡ್ಡಪ್ಪ ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ನಗುವುದು. ಇನ್ನೊಂದು, ರಾತ್ರಿ ಮನೆಯಲ್ಲಿ ಗೇಟಿನ ಸದ್ದಾದರೆ ದೊಡ್ಡಪ್ಪ ತುಳುವಿನಲ್ಲಿ ಕೇಳುತ್ತಿದ್ದ ಮಾತು, "ಏರ್?" ಯಾರು ಅಂತ. ಸ್ವಲ್ಪ ಎಳೆದು, ಕೊನೆಗೆ ಒಂದು ಸಣ್ಣ ಕೆಮ್ಮು. ಗಿಳಿ ಕೆಮ್ಮನ್ನೂ ಬಿಟ್ಟಿರಲಿಲ್ಲ.

ದೊಡ್ಡಪ್ಪ ಚಳಿಗಾಲದಲ್ಲಿ ಎದೆನೋವು ಬಂದು ಹೋದರು. ಅದಕ್ಕೆ ಮೊದಲೇ ಹೈವೇ ಅಗಲ ಮಾಡುವವರು ಅಂಗಡಿಯ ಮುಂದಿನ ಅರ್ಧ ತೆಗೆದಿದ್ದರು. ಗಿಳಿ ಹಗಲೂ ಮನೆಯಲ್ಲೇ ಉಳಿಯಿತು. ಬೊಜ್ಜದ ದಿನ, ಅಂದರೆ ಸತ್ತವರ ಕೊನೆಯ ಕ್ರಿಯೆಯ ದಿನ, ಚಾವಡಿ ತುಂಬ ಜನ ಕೂತಿದ್ದಾಗ, ಅಳುವವರೂ ಸುಮ್ಮನಾದ ಒಂದು ಗಳಿಗೆಯಲ್ಲಿ, ಗೂಡಿನೊಳಗಿನಿಂದ ದೊಡ್ಡಪ್ಪನ ಸ್ವರ ಕೇಳಿತು. "ನಾಳೆ ಖಂಡಿತ." ಚಿಕ್ಕಪ್ಪನ ಕೈಯಲ್ಲಿದ್ದ ನೀರಿನ ಚೆಂಬು ಜಾರಿ ಉರುಳಿಕೊಂಡು ಹೊಸ್ತಿಲಿನವರೆಗೆ ಹೋಯಿತು. ಆ ದಿನದಿಂದ ಅವರು ನಮ್ಮಲ್ಲಿಗೆ ಬಂದರೆ ಗೂಡಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ದೊಡ್ಡಮ್ಮನಿಗೆ ಅದು ತದ್ವಿರುದ್ಧ. ಸಂಜೆ ಗಾಳಿಗೆ ಗೇಟು ಕಿರುಗುಟ್ಟಿದರೆ ಗಿಳಿ, "ಏರ್?" ಎನ್ನುವುದು. ದೊಡ್ಡಮ್ಮ ಅಡುಗೆಮನೆಯಿಂದಲೇ, "ಯಾರೂ ಇಲ್ಲ, ಗಾಳಿ," ಎನ್ನುವರು. ಅಷ್ಟೇ. ಅಷ್ಟು ಮಾತಿನಲ್ಲಿ ಅವರ ಒಂದು ದಿನ ದಾಟುತ್ತಿತ್ತು. ನಾನು ಮನೆಯಲ್ಲಿದ್ದೂ ಆ ಮಾತಿನ ನಡುವೆ ನನಗೆ ಜಾಗ ಇರಲಿಲ್ಲ, ಇರಬೇಕು ಅಂತ ಅನಿಸಲೂ ಇಲ್ಲ.

ಆ ಕೆಂಪು ಗರಿ ಬಿದ್ದ ಮೇಲೆ ದಿನಾ ಬೀಳಲು ಸುರುವಾಯಿತು. ಬೆಳಗ್ಗೆ ಗುಡಿಸುವಾಗ ಗೂಡಿನ ಕೆಳಗೆ ಬೂದಿ ಬಣ್ಣದ ಹೊಟ್ಟು, ಸಣ್ಣ ದೊಡ್ಡ ಗರಿ. ಗಿಳಿ ಮೈ ಉಬ್ಬಿಸಿ, ಕಣ್ಣು ಅರ್ಧ ಮುಚ್ಚಿ, ಒಂದು ಕಾಲಿನಲ್ಲಿ ಕೂತಿರುತ್ತಿತ್ತು. ತಿನ್ನಲು ಕೊಡಹೋದ ದೊಡ್ಡಮ್ಮನ ಬೆರಳಿಗೆ ಕಚ್ಚಿತು, ಹಿಂದೆಂದೂ ಕಚ್ಚಿದ್ದಲ್ಲ. ಆಮೇಲೆ ಮಾತೂ ನಿಂತಿತು. ಗೇಟು ಎಷ್ಟು ಸದ್ದು ಮಾಡಿದರೂ ಒಳಗಿನಿಂದ ಯಾರೂ, "ಏರ್?" ಎನ್ನಲಿಲ್ಲ. ದೊಡ್ಡಮ್ಮ ಒಂದೆರಡು ಸಲ ಬೇಕೆಂದೇ ಹೋಗಿ ಗೇಟು ಅಲ್ಲಾಡಿಸಿ ಬಂದದ್ದನ್ನು ನಾನು ನೋಡಿದ್ದೇನೆ. ಮಳೆಯಲ್ಲಿ ತಲೆಗೆ ಸೆರಗು ಹೊದ್ದು ಅಲ್ಲಿ ನಿಂತು, ಕಿವಿ ಮನೆಯ ಕಡೆ ಇಟ್ಟು.

ಚಿಕ್ಕಪ್ಪ ಅದಕ್ಕೆ ತಮ್ಮದೇ ಅರ್ಥ ಮಾಡಿಕೊಂಡರು.

"ಅತ್ತಿಗೆ, ನಾನು ಹೇಳಿದ್ರೆ ಬೇಸರ ಮಾಡ್ಬೇಡಿ. ಅಣ್ಣನ ಸ್ವರ ಇಲ್ಲಿ ಗೂಡಿನೊಳಗೆ ಉಂಟು. ಸ್ವರ ಇಲ್ಲಿ ಬಿಟ್ಟು ಅವ ಹೋಗುದು ಹೇಗೆ? ಈಗ ಬಿಡಿಸಿಕೊಳ್ಳಿಕ್ಕೆ ನೋಡ್ತಿದ್ದಾನೆ. ಒಂದೊಂದೇ ಗರಿಯಾಗಿ ಹೊರಗೆ ಬರ್ತಿದ್ದಾನೆ."

ದೊಡ್ಡಮ್ಮ ಬಗ್ಗಿ ಗೂಡಿನ ಕೆಳಗಿನ ಗರಿಗಳನ್ನು ಹೆಕ್ಕಿದರು.

"ಅಮಾವಾಸ್ಯೆಗೆ ಬಡಿಸುವಾಗ ಅದನ್ನು ಬಿಟ್ಟುಬಿಡುವ. ಹಾರಿ ಹೋಗ್ಲಿ. ಅವನಿಗೂ ಬಿಡುಗಡೆ, ಇದಕ್ಕೂ."

"ಹಾರಿ ಎಲ್ಲಿಗೆ ಹೋಗುದು ಚಿಕ್ಕಪ್ಪ, ಆಫ್ರಿಕಕ್ಕಾ?" ಎಂದೆ ನಾನು.

"ನೀನು ಸುಮ್ಮನಿರು. ಎಲ್ಲದಕ್ಕೂ ಒಂದು ಬಾಯಿ."

ಅವರ ಕಣ್ಣು ಕೆಂಪಾಗಿತ್ತು. ಅವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಅಣ್ಣನ ಭುಜದಲ್ಲಿ ಕೂತು ಬೆಳೆದ ತಮ್ಮ ಅವರು. ಅಣ್ಣ ಎಲ್ಲೋ ನಡುವೆ ಸಿಕ್ಕಿಕೊಂಡಿದ್ದಾನೆ ಎಂಬುದನ್ನು ನಿಜವಾಗಿ ನಂಬಿದ್ದರು. ನಂಬಿದವರ ಮಾತಿಗೆ ಒಂದು ಭಾರ ಇರುತ್ತದೆ. ಅವರು ಹೋದ ಮೇಲೂ ಅದು ಚಾವಡಿಯಲ್ಲೇ ಉಳಿಯಿತು. ಅವತ್ತು ದೊಡ್ಡಮ್ಮ ಅನ್ನ ಕಲಸುತ್ತಾ ಹೇಳಿದರು, "ಬಿಡದಿದ್ರೆ ಅವರಿಗೆ ಗತಿ ಇಲ್ಲ ಅಂತ ಹೇಳ್ತಾನೆ. ಬಿಟ್ರೆ ನನಗೆ ಎಂತ ಉಂಟು ಮಗಾ?"

ಮರುದಿನ ನಾನು ಗಿಳಿಯನ್ನು ಗೂಡು ಸಮೇತ ಬಟ್ಟೆ ಮುಚ್ಚಿ ರಿಕ್ಷಾದಲ್ಲಿಟ್ಟು ಮೃಗಾಸ್ಪತ್ರೆಗೆ ಕೊಂಡುಹೋದೆ. ದೊಡ್ಡಮ್ಮನೂ ಬಂದರು. ದನದ ಕಾಲುಬೇನೆ, ನಾಯಿಯ ಗಾಯ, ಇವುಗಳ ನಡುವೆ ನಮ್ಮ ಸರದಿ. ಡಾಕ್ಟರಮ್ಮ ಪಯ್ಯನ್ನೂರು ಕಡೆಯವರು, ಕನ್ನಡ ಮಲಯಾಳದ ರಾಗದಲ್ಲಿ ಮಾತಾಡುತ್ತಿದ್ದರು. ಟವೆಲಿನಲ್ಲಿ ಗಿಳಿಯನ್ನು ಸುತ್ತಿ ಹಿಡಿದು ಮೂಸಿ ನೋಡಿದರು.

"ಇದಕ್ಕೆ ಎಣ್ಣೆ ಹಾಕಿದ್ದೀರಾ?"

ನನಗೆ ಗೊತ್ತೇ ಇರಲಿಲ್ಲ. ದೊಡ್ಡಮ್ಮ ನೆಲ ನೋಡಿದರು. "ಒಂದು ಚೂರು. ತೆಂಗಿನೆಣ್ಣೆ."

"ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕು ಡಾಕ್ಟ್ರೇ? ಎಣ್ಣೆ ಅಲ್ವಾ!"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕೂದಲು ಉದುರಿದರೆ ಎಣ್ಣೆ, ಕೈಕಾಲು ಹಿಡಿದರೆ ಎಣ್ಣೆ, ಹೆತ್ತವಳಿಗೆ ಎಣ್ಣೆ, ಹುಟ್ಟಿದ್ದಕ್ಕೂ ಎಣ್ಣೆ. ಗಿಳಿಗೆ ಮಾತ್ರ ಯಾಕೆ ಬೇಡ ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯುವ ಹಾಗಿರಲಿಲ್ಲ. ನಗು ಮುಗಿಸಿ ಅವರು ಗಟ್ಟಿಯಾಗಿಯೇ ಹೇಳಿದರು, ಗರಿಗೆ ಎಣ್ಣೆ ಮೆತ್ತಿದರೆ ಹಕ್ಕಿಗೆ ಮೈ ಬಿಸಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಈ ಥಂಡಿಯಲ್ಲಿ ಅದರಿಂದಲೇ ಸತ್ತುಹೋದೀತು. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದುಕೊಟ್ಟರು.

"ಇದು ಗಂಡ ಹೋದ ಬೇಸರಕ್ಕೆ," ಎಂದು ದೊಡ್ಡಮ್ಮ ಸುರು ಮಾಡಿ, ನಾಲಿಗೆ ಕಚ್ಚಿಕೊಂಡು, "ಯಜಮಾನರು ಹೋದ ಬೇಸರಕ್ಕೆ ತಾನೇ ಕಿತ್ತುಕೊಳ್ತಾ ಉಂಟಾ?" ಎಂದು ಕೇಳಿದರು.

"ಬೇಸರಕ್ಕೆ ಕಿತ್ತುಕೊಳ್ಳುವ ಗಿಳಿಯೂ ಉಂಟು. ಅದು ಹೇಗೆ ಗೊತ್ತಾಗುವುದು ಹೇಳ್ತೇನೆ, ನೋಡಿ. ತನ್ನ ತಲೆಗೆ ತನ್ನ ಕೊಕ್ಕು ಎಟುಕುವುದಿಲ್ಲ ಅಲ್ವಾ? ಕಿತ್ತುಕೊಂಡರೆ ಎದೆ ಬೋಳು, ತಲೆ ಹಾಗೇ ಇರ್ತದೆ. ಇದಕ್ಕೆ ತಲೆಯದ್ದೂ ಉದುರಿದೆ. ಎದೆಯಲ್ಲಿ ಬೋಳು ಇಲ್ಲ. ಗರಿ ಬುಡದಿಂದ ಇಡಿಯಾಗಿ ಬಿದ್ದಿದೆ, ಕಚ್ಚಿದ ಗುರುತಿಲ್ಲ. ಹಳೆ ಗರಿ ಸವೆದು ಹೋಗ್ತದೆ, ಹೊಸತು ಒಳಗಿನಿಂದ ದೂಡ್ತದೆ. ಎಲ್ಲ ಹಕ್ಕಿಗೂ ಉಂಟು ಇದು. ಕಾಯಿಲೆ ಅಲ್ಲ."

ತಲೆಯನ್ನು ಬೆಳಕಿಗೆ ತಿರುಗಿಸಿ ತೋರಿಸಿದರು. ಬೂದು ಗರಿಗಳ ನಡುವೆ ಬಿಳಿ ಮುಳ್ಳಿನ ಹಾಗೆ ಸಣ್ಣ ಸಣ್ಣ ಮೊಳಕೆ. ಅದು ಹೊಸ ಗರಿ, ತೆಳು ಸಿಪ್ಪೆಯೊಳಗೆ ಸುರುಳಿ ಸುತ್ತಿಕೊಂಡಿರುತ್ತದಂತೆ. ರೆಕ್ಕೆಯ ದೊಡ್ಡ ಮೊಳಕೆಗಳಲ್ಲಿ ರಕ್ತ ಓಡುತ್ತಿರುತ್ತದೆ, ಅದು ಮುರಿದರೆ ನಲ್ಲಿ ಬಿಟ್ಟ ಹಾಗೆ ಹರಿಯುತ್ತದೆ, ಜಾಗ್ರತೆ ಎಂದರು. ಎಡದ ರೆಕ್ಕೆಯಲ್ಲಿ ಯಾವುದು ಬಿದ್ದಿದೆಯೋ ಬಲದಲ್ಲೂ ಅದೇ ಬಿದ್ದಿತ್ತು. ಹಾರುವಾಗ ತೂಕ ತಪ್ಪಬಾರದು ಅಂತ ಅದರ ಮೈಯೇ ಮಾಡಿಕೊಳ್ಳುವ ಏರ್ಪಾಡು. ಆದರೂ ಈಗ ಎರಡೂ ಕಡೆ ಬಹಳ ಖಾಲಿ ಉಂಟು, ಸರಿಯಾಗಿ ಹಾರಲಿಕ್ಕಿಲ್ಲ ಎಂದರು. ಬೇಯಿಸಿದ ಮೊಟ್ಟೆ, ನುಗ್ಗೆ ಸೊಪ್ಪು ಕೊಡಿ. ಬೆಚ್ಚಗಿಡಿ. ಕತ್ತಲಾದ ಮೇಲೆ ನಿದ್ದೆ ಕೆಡಿಸಬೇಡಿ. ಮೈ ತುರಿಸುತ್ತದೆ, ನೋಯುತ್ತದೆ, ಅದಕ್ಕೇ ಸಿಟ್ಟು, ಅದಕ್ಕೇ ಮೌನ.

"ಮಾತು ವಾಪಸ್ ಬರ್ತದಾ?" ದೊಡ್ಡಮ್ಮ ಕೇಳಬೇಕೆಂದು ಬಂದದ್ದು ಇದೊಂದನ್ನೇ.

"ಗರಿ ಬರ್ತದೆ, ಅದು ನಾನು ಹೇಳ್ತೇನೆ. ಮಾತು..." ಡಾಕ್ಟರಮ್ಮ ಟವೆಲು ಮಡಚಿದರು. "ಬರಬಹುದು. ದಿನಾ ಹೇಳುವವರು ಇಲ್ಲದಿದ್ದರೆ ಕೆಲವು ಸಲ ಮರೆತೂಹೋಗ್ತದೆ. ಹೇಳ್ಲಿಕ್ಕಾಗುವುದಿಲ್ಲ ಅಮ್ಮಾ."

ಮನೆಗೆ ಬಂದ ಮೇಲೆ ದೊಡ್ಡಮ್ಮ ಡಾಕ್ಟರಮ್ಮ ಹೇಳಿದ್ದನ್ನು ಅಕ್ಷರಶಃ ಮಾಡಿದರು. ಮೊಟ್ಟೆ ಬೇಯಿಸಿ ನುರಿದು ಕೊಟ್ಟರು, ನುಗ್ಗೆ ಸೊಪ್ಪಿಗೆ ಪಕ್ಕದ ಮನೆಗೆ ದಿನಾ ಹೋದರು. ಚಿಕ್ಕಪ್ಪನಿಗೆ ನಾನೇ ಎಲ್ಲ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ಎಲ್ಲ ವರ್ಷವೂ ಉದುರಿದ್ದು ಹೌದಾ?" ಎಂದರು. ಹೌದು, ಅಂಗಡಿಯಲ್ಲೂ ಉದುರುತ್ತಿತ್ತು, ಬಟ್ಟೆಯ ಚೂರು ನೂಲಿನೊಟ್ಟಿಗೆ ಗುಡಿಸಿ ಹೋಗುತ್ತಿತ್ತು, ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. "ಹಾಗಾದ್ರೆ ಈ ವರ್ಷ ಮಾತ್ರ ಸ್ವರ ಯಾಕೆ ಹೋಯ್ತು?" ಎಂದರು. ನಾನು ಡಾಕ್ಟರಮ್ಮ ಹೇಳಿದ ನೋವು, ತುರಿಕೆಯನ್ನೇ ಇನ್ನೊಮ್ಮೆ ಹೇಳಿದೆ. ಅದು ಅವರಿಗೆ ಸಾಲಲಿಲ್ಲ.

ಅಮಾವಾಸ್ಯೆ ಬಂತು. ಬೆಳಗ್ಗೆ ಆ ದಿನದ ವಾಡಿಕೆಯಂತೆ ಪಾಲೆ ಮರದ ತೊಗಟೆಯ ಕಷಾಯ ಕುಡಿದು ಎಲ್ಲರ ಬಾಯಿ ಕಹಿ. ಮಳೆ ನಿಂತಿತ್ತು, ಆದರೆ ಬೆಳಕು ಬಂದಿರಲಿಲ್ಲ. ದೊಡ್ಡಮ್ಮ ದೊಡ್ಡಪ್ಪನಿಗೆ ಇಷ್ಟವಾದ ಕೋಳಿ ಸಾರು, ಕೆಸುವಿನ ಪತ್ರೊಡೆ ಮಾಡಿದ್ದರು. ಒಳಕೋಣೆಯಲ್ಲಿ ಬಡಿಸಿ ಕದ ಹಾಕಿ ಹೊರಗೆ ನಿಂತೆವು. ಕದದ ಆಚೆ ಸದ್ದಿಲ್ಲ, ಗೂಡಿನಲ್ಲೂ ಸದ್ದಿಲ್ಲ. ಆಮೇಲೆ ಚಿಕ್ಕಪ್ಪ ಎಲೆಯನ್ನು ಅಂಗಳದ ಕಲ್ಲಿನ ಮೇಲಿಟ್ಟು, ಕೈ ಒದ್ದೆ ಮಾಡಿ, ಚಪ್ಪಾಳೆ ತಟ್ಟಿದರು.

ಹೈವೇಗೆ ಅಂತ ರಸ್ತೆಬದಿಯ ಮರ ಎಲ್ಲ ಕಡಿದ ಮೇಲೆ ಆ ಭಾಗದ ಕಾಗೆಗಳೆಲ್ಲ ನಮ್ಮ ಹಿತ್ತಿಲ ಮಾವಿನ ಮರಕ್ಕೆ ಬಂದು ಸೇರಿದ್ದವು. ಬೇರೆ ದಿನ ಬಟ್ಟೆ ಒಣಗಿಸಲು ಬಿಡುವುದಿಲ್ಲ. ಅವತ್ತು ಕೊಂಬೆಕೊಂಬೆಯಲ್ಲಿ ಕಪ್ಪಗೆ ಕೂತು ಕೆಳಗೆ ನೋಡಿದವು, ಒಂದೂ ಇಳಿಯಲಿಲ್ಲ. ಚಿಕ್ಕಪ್ಪ ಮತ್ತೆ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಅನ್ನದಿಂದ ಏಳುತ್ತಿದ್ದ ಹಬೆ ನಿಂತಿತು. ದೊಡ್ಡಮ್ಮ ಅಡುಗೆಮನೆಗೆ ಹೋದರು. ಅವರಿಗೆ ಅಲ್ಲಿ ಕೆಲಸ ಏನೂ ಉಳಿದಿರಲಿಲ್ಲ.

ಚಿಕ್ಕಪ್ಪ ತಿರುಗಿ, ಸೀದಾ ಚಾವಡಿಗೆ ಹೋಗಿ, ಗೂಡನ್ನು ಕೊಕ್ಕೆಯಿಂದ ಇಳಿಸಿ ಎತ್ತಿಕೊಂಡು ಬಂದರು. "ಚಿಕ್ಕಪ್ಪ, ಬೇಡ," ಎಂದು ನಾನು ಓಡಿ ತಡೆಯುವಷ್ಟರಲ್ಲಿ ಎಲೆಯ ಹತ್ತಿರ ಕೂತು ಬಾಗಿಲು ತೆಗೆದಾಗಿತ್ತು. ಗಿಳಿ ಹೊರಗೆ ಬರಲಿಲ್ಲ. ಅವರು ಗೂಡನ್ನು ಓರೆ ಮಾಡಿದರು, "ಹೋಗು ಅಣ್ಣ," ಎಂದರು. ಆ ಮಾತು ನನಗೆ ಸರಿಯಾಗಿ ಕೇಳಿಸಿತು. ಗಿಳಿ ಜಾರಿ ಹೊರಬಿದ್ದು, ರೆಕ್ಕೆ ಬಡಿದು, ಅಂಗಳದ ಅರ್ಧದವರೆಗೆ ಹಾರಿದಂತೆ ಮಾಡಿ ಕೆಸರಿಗೆ ಬಿತ್ತು.

ಕಾಗೆಗಳು ಆಗ ಬಂದವು. ಒಟ್ಟಿಗೇ ಬಂದವು. ಅನ್ನಕ್ಕಲ್ಲ.

ನಾನು ಒಂದನ್ನು ಕೈಯಿಂದ ಬಡಿದೆ, ಇನ್ನೆರಡು ನನ್ನ ತಲೆಗೇ ಬಂದವು. ನಡುವಿನಲ್ಲಿ ಗಿಳಿಯ ಕಿರುಚಾಟ. ದೊಡ್ಡಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಚಿಕ್ಕಪ್ಪ ಎರಡೂ ಕೈ ಅಡ್ಡ ಹಿಡಿದರು.

"ಅತ್ತಿಗೆ, ಓಡಿಸ್ಬೇಡಿ! ದಮ್ಮಯ್ಯ! ಇವತ್ತು ಕಾಗೆಯನ್ನು ಓಡಿಸ್ಲಿಕ್ಕಿಲ್ಲ! ಅಣ್ಣ ಬಂದಿದ್ದಾನೆ!"

ದೊಡ್ಡಮ್ಮ ನಿಂತರು. ಒಂದು ಕಾಗೆ, ದೊಡ್ಡದು, ಗಲಾಟೆಗೆ ಸೇರದೆ ಎಲೆಯ ಅಂಚಿನಲ್ಲಿ ಕೂತಿತ್ತು. ಅನ್ನ ಮುಟ್ಟಿರಲಿಲ್ಲ. ಕತ್ತು ಓರೆ ಮಾಡಿ ದೊಡ್ಡಮ್ಮನನ್ನೇ ನೋಡುತ್ತಿತ್ತು. ದೊಡ್ಡಮ್ಮನೂ ಅದನ್ನು ನೋಡಿದರು. ಅವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಹೋಗಿ," ಎಂದರು ಆ ಕಾಗೆಗೆ. ಗಂಡನೊಟ್ಟಿಗೆ ಮಾತಾಡುತ್ತಿದ್ದ ಅದೇ ರೀತಿಯಲ್ಲಿ. "ಹೋಗಿ ಅಂದೆನಲ್ಲ!" ಎಂದು ಸೌಟು ಬೀಸಿದರು. ಸೌಟು ಎಲೆಗೇ ಬಡಿಯಿತು, ಅನ್ನ ಅಂಗಳಕ್ಕೆಲ್ಲ ಚೆಲ್ಲಿತು, ಕಾಗೆ ಹಾರಿತು. ಚಿಕ್ಕಪ್ಪನನ್ನು ಬದಿಗೆ ದೂಡಿ ಮುಂದೆ ನುಗ್ಗಿ, ಎಡಬಲ ನೋಡದೆ ಬಡಿದು, ಕೆಸರಿನಲ್ಲಿ ಕವುಚಿ ಬಿದ್ದು ಗಿಳಿಯನ್ನು ಸೆರಗಿನೊಳಗೆ ಬಾಚಿಕೊಂಡರು.

ರೆಕ್ಕೆಯ ಹೊಸ ಮೊಳಕೆಯೊಂದು ಮುರಿದಿತ್ತು. ಡಾಕ್ಟರಮ್ಮ ಹೇಳಿದ ಹಾಗೆಯೇ ರಕ್ತ ಹರಿಯುತ್ತಿತ್ತು. ಫೋನು ಮಾಡಿದೆ, "ಮೈದಾ ಒತ್ತಿ ಹಿಡಿದುಕೊಂಡೇ ತನ್ನಿ," ಎಂದರು. ದೊಡ್ಡಮ್ಮನ ಬೆರಳ ನಡುವೆ ಮೈದಾ ಕೆಂಪು ಹಿಟ್ಟಾಗುತ್ತಾ ಹೋಯಿತು. ಆಸ್ಪತ್ರೆಯಲ್ಲಿ ಮುರಿದ ಬುಡವನ್ನು ಇಕ್ಕುಳದಲ್ಲಿ ಎಳೆದು ತೆಗೆದ ಮೇಲೆ ರಕ್ತ ನಿಂತಿತು. ನಾವು ಹಿಂದಿರುಗಿ ಬರುವಾಗ ಚಿಕ್ಕಪ್ಪ ಹೋಗಿದ್ದರು. ಚೆಲ್ಲಿದ ಅನ್ನ ಅಲ್ಲೇ ಇತ್ತು. ಒಂದು ಕಾಗೆಯೂ ಅದನ್ನು ಮುಟ್ಟಿರಲಿಲ್ಲ. ಸಂಜೆ ಮಳೆ ಬಂದು ತೊಳೆದುಕೊಂಡು ಹೋಯಿತು.

ಗಿಳಿ ಉಳಿಯಿತು. ಆದರೆ ಮನೆಯಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ. ಚಿಕ್ಕಪ್ಪ ಬರುವುದು ನಿಂತಿತು. "ಅಣ್ಣ ಹಸಿದು ಹೋದ," ಎಂದಷ್ಟೇ ಯಾರಲ್ಲೋ ಹೇಳಿದ್ದರಂತೆ. ಅದು ನಮ್ಮ ಕಿವಿಗೂ ಬಂತು. ದೊಡ್ಡಮ್ಮ ತಾವು ಉಣ್ಣುವ ಮೊದಲು ಒಂದು ತುತ್ತು ಬದಿಗೆ ತೆಗೆದಿಡುವುದು ಸುರು ಮಾಡಿದರು. ಗೇಟಿನ ಸದ್ದಿಗೆ ಈಗ ಅವರೇ ಬೆಚ್ಚುತ್ತಿದ್ದರು.

ಆಟಿ ಕಳೆದು ಬರುವ ಸೋಣ ತಿಂಗಳು ಮುಗಿಯುವಷ್ಟರಲ್ಲಿ ಬಿಳಿ ಮುಳ್ಳುಗಳೆಲ್ಲ ಬಿಚ್ಚಿಕೊಂಡವು. ಗೂಡಿನ ಕೆಳಗೆ ತೌಡಿನ ಹಾಗೆ ಸಿಪ್ಪೆ ಬಿತ್ತು, ಮೈ ನುಣ್ಣಗಾಯಿತು, ಬಾಲ ಮೊದಲಿಗಿಂತ ಕೆಂಪಾಯಿತು. ಕಚ್ಚುವುದು ಬಿಟ್ಟಿತು. ದೊಡ್ಡಮ್ಮ ಅದರ ಮುಂದೆ ಕೂತು ದಿನಾ ಹೇಳಿಕೊಡುತ್ತಿದ್ದರು, "ಏರ್? ಹೇಳು. ಏರ್?" ಹೇಳಿದ್ದು ಅವರ ಸ್ವರದಲ್ಲಿ. ದೊಡ್ಡಪ್ಪನ ಸ್ವರ ನಮ್ಮಿಬ್ಬರಲ್ಲಿ ಯಾರಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಚಾವಡಿಯಲ್ಲಿ ಕಾಗೆ ಕೂಗಿತು. ಒಳಗೆ ನುಗ್ಗಿದೆ ಅಂತ ನಾನು ಎದ್ದು ಓಡಿದೆ. ಕಾಗೆ ಇರಲಿಲ್ಲ. ಗಿಳಿ ಹೊಸ ಗರಿಗಳನ್ನು ಉಬ್ಬಿಸಿ, ಕೊಕ್ಕು ತೆರೆದು, ಇನ್ನೊಮ್ಮೆ ಕೂಗಿತು. ಅಮಾವಾಸ್ಯೆಯ ದಿನ ಅಂಗಳದಲ್ಲಿ ಕೇಳಿದ್ದ ಅದೇ ಕೂಗು. ಮಾವಿನ ಮರದಿಂದ ಉತ್ತರ ಬಂತು. ಸ್ವಲ್ಪ ಹೊತ್ತಿನಲ್ಲಿ ಕಿಟಕಿಯ ಸರಳಿನಲ್ಲಿ ಒಂದು, ಕಂಪೌಂಡಿನ ಗೋಡೆಯಲ್ಲಿ ಸಾಲಾಗಿ ಏಳೆಂಟು. ದೊಡ್ಡಮ್ಮ ಎಂಜಲು ಕೈಯಲ್ಲೇ ಬಂದು ಗೂಡಿಗೆ ಬಟ್ಟೆ ಹಾಕಿದರು. ಬಟ್ಟೆಯೊಳಗಿನಿಂದಲೂ ಕೂಗುತ್ತಲೇ ಇತ್ತು. ದೊಡ್ಡಪ್ಪನ ಸ್ವರ ಮತ್ತೆ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಆ ಸಂಜೆ ದೊಡ್ಡಮ್ಮ ನನ್ನ ಫೋನು ಕೇಳಿ ತೆಗೆದುಕೊಂಡು ಚಿಕ್ಕಪ್ಪನಿಗೆ ಮಾಡಿದರು. ಅಮಾವಾಸ್ಯೆ ಕಳೆದ ಮೇಲೆ ಅದೇ ಮೊದಲ ಮಾತು. "ಕಿಟಕಿಗೆ ಕಾಗೆ ಬರ್ತಾ ಉಂಟು," ಎಂದರು. "ಎಂತಾದ್ರೂ ಮಾಡ್ಬೇಕಲ್ಲ."

ಮರುದಿನ ಬೆಳಗ್ಗೆ ಚಿಕ್ಕಪ್ಪ ಒಂದು ಸುರುಳಿ ಕಬ್ಬಿಣದ ಬಲೆಯನ್ನು ಹೆಗಲಲ್ಲಿ ಹೊತ್ತು ಬಂದು, ಚಾ ಕೂಡ ಕುಡಿಯದೆ, ಚಾವಡಿಯ ಕಿಟಕಿಗೆ ಹೊರಗಿನಿಂದ ಮೊಳೆ ಹೊಡೆದರು.